ಅಧ್ಯಯನಕ್ಕೆ ಬೇಡವಾದ ಮಕ್ಕಳು: ಆಟಿಸಂ ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ನವದೆಹಲಿ
ಹಾಗೂ
ಕರ್ನಾಟಕದಲ್ಲಿ ಆಟಿಸಂ ಕುರಿತು ಸಂಶೋಧನೆ ನಡೆಸುತ್ತಿರುವ ಎಲ್ಲ ಸಂಸ್ಥೆಗಳ ನೈತಿಕ ಸಮಿತಿಗಳ ಅಧ್ಯಕ್ಷರು

ವಿಷಯ: ಬಡವರು, ಪರಿಶಿಷ್ಟರು, ಅಲ್ಪಸಂಖ್ಯಾತರು ಹಾಗೂ ವಲಸೆ ಕಾರ್ಮಿಕರ ಮಕ್ಕಳು ಆಟಿಸಂ ಅಧ್ಯಯನಗಳಿಂದ ಹೊರಗುಳಿಯುತ್ತಿರುವ ಬಗ್ಗೆ

ಮಾನ್ಯರೇ,

ನಾನು ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ; ಕಚೇರಿಯವರ ಬಾಯಲ್ಲಿ ಎಂ.ಆರ್.ಡಬ್ಲ್ಯು. ಗ್ರಾಮ ಪಂಚಾಯಿತಿಗಳಲ್ಲಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯು.ಗಳು) ತರುವ ಪಟ್ಟಿಗಳನ್ನು ಒಟ್ಟುಮಾಡುವುದು, ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿಸುವುದು, ಮಕ್ಕಳನ್ನು ತಪಾಸಣಾ ಶಿಬಿರಕ್ಕೆ ಕರೆತರುವುದು, ಮಾಸಾಶನ ನಿಂತರೆ ನಾಡಕಚೇರಿಗೆ ಅಲೆಯುವುದು ನನ್ನ ಕೆಲಸ. ನಾನು ವೈದ್ಯನಲ್ಲ, ಸಂಶೋಧಕನೂ ಅಲ್ಲ. ಆದರೂ ನಿಮಗೆ ಬರೆಯುತ್ತಿದ್ದೇನೆ. ಆಟಿಸಂ (ಮಾತು, ಒಡನಾಟ, ವರ್ತನೆಗಳು ಎಳವೆಯಿಂದಲೇ ಬೇರೆಯಾಗಿ ಬೆಳೆಯುವ ಸ್ಥಿತಿ) ಇರುವ ಮಕ್ಕಳನ್ನು ನಾನು ತಾಂಡಾಗಳಲ್ಲಿ, ದಲಿತರ ಕೇರಿಗಳಲ್ಲಿ, ಮುಸ್ಲಿಮರ ಗಲ್ಲಿಗಳಲ್ಲಿ ನೋಡುತ್ತಲೇ ಇದ್ದೇನೆ. ಆಟಿಸಂ ಕುರಿತ ಅಧ್ಯಯನಗಳಲ್ಲಿ ಮಾತ್ರ ಅವರು ಸಿಗುವುದಿಲ್ಲ.

ಕಳೆದ ವರ್ಷ ಬೆಂಗಳೂರಿನ ಒಂದು ಸಂಸ್ಥೆಯ ಪ್ರಕಟಣೆ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಆಟಿಸಂ ಇರುವ ಮಕ್ಕಳಿಗೆ ತಾಯಂದಿರ ಮೂಲಕ ಕಲಿಸುವ ಒಂದು ವಿಧಾನದ ಅಧ್ಯಯನ, ಭಾಗವಹಿಸಲು ಇಷ್ಟವಿದ್ದವರು ಹೆಸರು ಕೊಡಿ ಎಂದಿತ್ತು. ನಾನು ಉತ್ಸಾಹದಿಂದ ಪಟ್ಟಿ ಮಾಡಲು ಕುಳಿತೆ. ಷರತ್ತುಗಳನ್ನು ಓದುತ್ತ ಹೋದಂತೆ ಪಟ್ಟಿ ಕರಗುತ್ತ ಬಂತು. ಮಗುವಿಗೆ ಆಟಿಸಂ ಇದೆಯೆಂದು ತಜ್ಞರು ಮೊದಲೇ ಬರೆದುಕೊಟ್ಟಿರಬೇಕು. ಮೂರ್ಛೆರೋಗ ಇರಬಾರದು. ತೀವ್ರ ಬೌದ್ಧಿಕ ವೈಕಲ್ಯ ಇರಬಾರದು. ತಾಯಿಗೆ ಕನ್ನಡ ಇಲ್ಲವೇ ಇಂಗ್ಲಿಷ್ ಓದಲು ಬರೆಯಲು ಬರಬೇಕು. ವಾರಕ್ಕೊಮ್ಮೆ ಕೇಂದ್ರಕ್ಕೆ ಬರಬೇಕು. ಮನೆಯಲ್ಲಿ ಮಗುವಿನೊಂದಿಗೆ ಆಡುವ ವಿಡಿಯೊ ಕಳಿಸಲು ಸ್ಮಾರ್ಟ್‌ಫೋನ್ ಇರಬೇಕು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಷರತ್ತಿಗೂ ಏನೋ ಒಂದು ಕಾರಣ ಇದ್ದೀತು. ಎಲ್ಲವನ್ನೂ ದಾಟಿ ನಿಲ್ಲುವ ಒಂದೇ ಒಂದು ಕುಟುಂಬ ನನ್ನ ತಾಲ್ಲೂಕಿನಲ್ಲಿ ಸಿಗಲಿಲ್ಲ. ಯಾರೂ ಬೇಕೆಂದೇ ನಮ್ಮವರನ್ನು ಹೊರಗಿಟ್ಟರು ಎಂದು ನಾನು ಆರೋಪಿಸುತ್ತಿಲ್ಲ. ಬಡವರ ಮಕ್ಕಳನ್ನು ಸೇರಿಸುವುದಿಲ್ಲ ಎಂದು ಯಾವ ಅರ್ಜಿಯಲ್ಲೂ ಬರೆದಿರುವುದಿಲ್ಲ. ಬರೆಯುವ ಅಗತ್ಯವೂ ಬೀಳುವುದಿಲ್ಲ.

ಮೊದಲ ಷರತ್ತನ್ನೇ ತೆಗೆದುಕೊಳ್ಳಿ. ಆಟಿಸಂ ಎಂದು ಬರೆದುಕೊಡುವವರು ನಮ್ಮಲ್ಲಿ ಯಾರಿದ್ದಾರೆ? 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 2011ರ ಜನಗಣತಿಯ ಅಂಗವೈಕಲ್ಯದ ಕಾಲಂನಲ್ಲೂ ಅದಕ್ಕೆ ಜಾಗವಿರಲಿಲ್ಲ. 2016ರ ಕಾಯ್ದೆ ಬಂದು ಅಂಗವೈಕಲ್ಯಗಳ ಸಂಖ್ಯೆ 21ಕ್ಕೆ ಏರಿದ ಮೇಲೆ ಕಾಗದದಲ್ಲಿ ಬಂತು. ಅಳೆಯಲು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ 40 ಅಂಶಗಳ ಐ.ಎಸ್.ಎ.ಎ. ಮಾಪನವೂ ಇದೆ. ಆದರೆ ಶಿಬಿರದ ದಿನ ಸಾಲು ಬಾಗಿಲಿನಿಂದ ಅಂಗಳದವರೆಗೆ ಬೆಳೆದಿರುವಾಗ ನಲವತ್ತು ಅಂಶಗಳನ್ನು ಕೂತು ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಒಂದು ಶಿಬಿರದಲ್ಲಿ ಏಳು ವರ್ಷದ ಹುಡುಗನೊಬ್ಬ ಬಾಗಿಲ ಬಳಿ ನಿಲ್ಲಿಸಿದ್ದ ಸೈಕಲ್ಲಿನ ಪೆಡಲನ್ನು ಕೈಯಿಂದ ತಿರುಗಿಸುತ್ತ, ಚಕ್ರದ ಕಡ್ಡಿಗಳಿಗೆ ಕೆನ್ನೆ ಹತ್ತಿರ ಹಿಡಿದು, ಕರೆದರೂ ತಿರುಗದೆ ಕುಳಿತಿದ್ದ. ಸೈಕಲ್ಲಿನವರು ಬಂದು ಸೈಕಲ್ ಒಯ್ದಾಗ ನೆಲಕ್ಕೆ ಹಣೆ ಚಚ್ಚಿಕೊಂಡ. ಒಳಗೆ ಅವನ ಸರದಿ ಐದು ನಿಮಿಷದಲ್ಲಿ ಮುಗಿಯಿತು. ಹೊರಬಂದ ಚೀಟಿಯಲ್ಲಿ ಬೌದ್ಧಿಕ ವೈಕಲ್ಯ ಎಂದಷ್ಟೇ ಇತ್ತು. ತಾಯಿ ತಕರಾರು ತೆಗೆಯಲಿಲ್ಲ. ಮಾಸಾಶನಕ್ಕೆ ಬೇಕಾದದ್ದು ಶೇಕಡಾವಾರು ಅಂಕಿ, ಅದು ಬಂದಿತ್ತು. ಆ ಹುಡುಗ ಇನ್ನು ನಿಮ್ಮ ಯಾವ ಅಧ್ಯಯನಕ್ಕೂ ಸಲ್ಲುವುದಿಲ್ಲ. ಆಟಿಸಂ ಎಂಬ ಚೀಟಿ ಅವನ ಬಳಿ ಇಲ್ಲ, ಸೇರಿಸಬಾರದು ಎಂದು ನೀವು ಹೇಳುವ ಚೀಟಿ ಇದೆ.

ಬೌದ್ಧಿಕ ವೈಕಲ್ಯ ಇರುವವರನ್ನು ಕೈಬಿಡುವುದು ನಮ್ಮ ದೇಶದ ಚಾಳಿ ಮಾತ್ರವಲ್ಲ. ಬ್ರಿಟನ್ನಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯ ಪ್ರಕಾರ ಅವರು ಪರಿಶೀಲಿಸಿದ ಆಟಿಸಂ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಶೇ 94ರಷ್ಟು ಮಂದಿಗೆ ಬೌದ್ಧಿಕ ವೈಕಲ್ಯ ಇರಲಿಲ್ಲ. ಆಟಿಸಂ ಇರುವವರಲ್ಲಿ ಬೌದ್ಧಿಕ ವೈಕಲ್ಯ ಎಷ್ಟು ಸಾಮಾನ್ಯ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನು ಭಾಷೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಶೇ 66. ಉರ್ದು ಸುಮಾರು ಶೇ 11. ಅಂದರೆ ಮೂರರಲ್ಲಿ ಒಂದು ಮನೆಯಲ್ಲಿ ಮಗು ಮೊದಲು ಕೇಳುವ ಮಾತು ಕನ್ನಡವಲ್ಲ. ನಮ್ಮ ಕಡೆ ಲಂಬಾಣಿ, ದಖ್ಖನಿ ಉರ್ದು, ಗಡಿಗೆ ಹತ್ತಿದ ಊರುಗಳಲ್ಲಿ ತೆಲುಗು. ಮಗುವಿನ ಮಾತು ಎಷ್ಟು ಬಂದಿದೆ, ಹೆಸರು ಕೂಗಿದರೆ ತಿರುಗುತ್ತದೆಯೇ, ಕೇಳಿದ್ದನ್ನೇ ಹೇಳುತ್ತದೆಯೇ ಎಂದು ತಿಳಿಯಬೇಕಾದ ಪರೀಕ್ಷೆಯನ್ನು ಮಗುವಿಗೆ ಅರ್ಧ ತಿಳಿಯುವ ಭಾಷೆಯಲ್ಲಿ ಮಾಡಿದರೆ ಬರುವ ಉತ್ತರಕ್ಕೆ ಏನು ಬೆಲೆ? ಜಗತ್ತಿನಾದ್ಯಂತ ಸಂಶೋಧನೆಯಲ್ಲಿ ಬಳಸುವ ಎ.ಡಿ.ಒ.ಎಸ್. ಪರೀಕ್ಷೆಯಲ್ಲಿ ಚಿಕ್ಕ ಮಕ್ಕಳಿಗೆ ಗೊಂಬೆಯ ಹುಟ್ಟುಹಬ್ಬದ ಆಟವಿದೆ. ಕೇಕು, ಮೇಣದಬತ್ತಿ, ಊದಿ ಆರಿಸುವುದು. ತಾಂಡಾದ ಮಗು ದೀಪ ಊದಿ ಆರಿಸಿದರೆ ಅಜ್ಜಿ ಕೈಗೆ ಹೊಡೆಯುತ್ತಾಳೆ. ಹಿರಿಯರ ಮುಖವನ್ನು ನೆಟ್ಟ ಕಣ್ಣಿನಿಂದ ನೋಡಬಾರದು ಎಂದು ಕಲಿಸಿದ ಮನೆಯ ಮಗು ಅಪರಿಚಿತ ಮೇಡಂ ಮುಂದೆ ತಲೆ ತಗ್ಗಿಸಿದರೆ ಅದನ್ನು ಏನೆಂದು ಬರೆದುಕೊಳ್ಳುತ್ತೀರಿ? ತರಬೇತಾದ ತಜ್ಞರು ಇದನ್ನೆಲ್ಲ ಗಮನದಲ್ಲಿಟ್ಟುಕೊಳ್ಳುತ್ತಾರೆ ಎಂದು ನೀವು ಹೇಳಬಹುದು. ನಮ್ಮ ಮಕ್ಕಳನ್ನು ಎಂದೂ ನೋಡದ ತಜ್ಞರು ಏನನ್ನು ಗಮನದಲ್ಲಿಟ್ಟುಕೊಳ್ಳುತ್ತಾರೋ ನನಗೆ ತಿಳಿಯದು.

ಹಣದ ಮಾತಿಗೆ ಬರುತ್ತೇನೆ, ಏಕೆಂದರೆ ಕಡೆಗೆ ಎಲ್ಲವೂ ಅಲ್ಲಿಗೇ ಬಂದು ನಿಲ್ಲುತ್ತದೆ. ನಮ್ಮೂರಿನಿಂದ ಬೆಂಗಳೂರಿಗೆ ರಾತ್ರಿಯಿಡೀ ರೈಲು. ಒಂದು ಭೇಟಿ ಎಂದರೆ ತಾಯಿಗೆ ಮೂರು ದಿನದ ಕೂಲಿ ಹೋಯಿತು, ಜೊತೆಗೆ ಬರುವ ಗಂಡನದ್ದೋ ಅಣ್ಣನದ್ದೋ ಮತ್ತೆ ಮೂರು ದಿನ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತವಲ್ಲವೇ ಎಂದು ಒಬ್ಬರು ನನ್ನನ್ನೇ ಕೇಳಿದರು. ಹೌದು, ಬಸ್ ಉಚಿತ. ಹತ್ತಿ ಬಿಡಿಸುವ ಹೊತ್ತಿನಲ್ಲಿ ಕಳೆದುಕೊಂಡ ಕೂಲಿಯನ್ನು ಯಾವ ಕಂಡಕ್ಟರೂ ಕೊಡುವುದಿಲ್ಲ. ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯನ್ನು ನಾನು ಓದಿದ್ದೇನೆ. ಭಾಗವಹಿಸುವವರಿಗೆ ಪ್ರಯಾಣದ ವೆಚ್ಚ ಕೊಡಬಹುದು, ಕಳೆದುಕೊಂಡ ಕೂಲಿಗೆ, ಸಮಯಕ್ಕೆ, ತೊಂದರೆಗೆ ಪರಿಹಾರ ಕೊಡಬಹುದು ಎಂದು ಅದರಲ್ಲೇ ಇದೆ. ಒಪ್ಪಿಗೆ ಪತ್ರ ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂದೂ ಇದೆ. ನಿಯಮ ಒಳ್ಳೆಯದೇ. ಆದರೆ ‘ಕೊಡಬಹುದು’ ಎಂದಿರುವುದನ್ನು ಕೊಡದೆ ಇರಲೂಬಹುದು. ನಾನು ವಿಚಾರಿಸಿದ ಆ ಅಧ್ಯಯನದಲ್ಲಿ ಪ್ರಯಾಣದ ಖರ್ಚು ಕೊಡುತ್ತಿದ್ದರು, ಆದರೆ ರಸೀದಿ ತಂದ ಮೇಲೆ, ಬ್ಯಾಂಕ್ ಖಾತೆಗೆ, ಕೆಲವು ವಾರಗಳ ನಂತರ. ಊರಿನಿಂದ ಸ್ಟೇಷನ್ನಿಗೆ ಕರೆದೊಯ್ಯುವ ಟಂಟಂ ಗಾಡಿಯವನು ರಸೀದಿ ಕೊಡುವುದಿಲ್ಲ. ಕೂಲಿಯ ಬಗ್ಗೆ ಕೇಳಿದ್ದಕ್ಕೆ, ಅದಕ್ಕೆ ಬಜೆಟ್ಟಿನಲ್ಲಿ ತಲೆಬರಹ ಇಲ್ಲ ಎಂಬ ಉತ್ತರ ಬಂತು.

ದೂರವೇ ಕಾರಣ ಎನ್ನುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ನಮ್ಮ ತಾಲ್ಲೂಕಿನ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿಯುತ್ತಲೇ ಬೆಂಗಳೂರಿಗೆ ಗುಳೆ ಹೋಗುತ್ತವೆ. ಹಾಗೆ ಹೋದ ಒಂದು ಕುಟುಂಬವನ್ನು ಕಾರ್ಡಿನ ಕೆಲಸಕ್ಕೆ ಹುಡುಕಿಕೊಂಡು ಹೋಗಿದ್ದೆ. ಹೊಸ ಅಪಾರ್ಟ್‌ಮೆಂಟ್ ಕಟ್ಟುವ ಜಾಗದ ಹಿಂದೆ ತಗಡಿನ ಶೆಡ್ಡುಗಳ ಸಾಲು. ಮಾತು ಬಾರದ ಐದು ವರ್ಷದ ಹುಡುಗಿಯ ಸೊಂಟಕ್ಕೆ ಹಳೆಯ ಸೀರೆಯ ಒಂದು ತುದಿ, ಇನ್ನೊಂದು ತುದಿ ಶೆಡ್ಡಿನ ಕಬ್ಬಿಣದ ಕಂಬಕ್ಕೆ. ಬಿಟ್ಟರೆ ಅವಳು ನೀರಿನ ಸಂಪಿನ ಕಡೆಗೆ ಓಡುತ್ತಾಳೆ, ತಾಯಿ ಮೇಲಿನ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿರುತ್ತಾಳೆ. ಸೀರೆಯ ಗಂಟನ್ನು ಮಗುವಿಗೆ ನೋವಾಗದಂತೆ ಒಳಗೆ ಬಟ್ಟೆ ಮಡಚಿಟ್ಟು ಕಟ್ಟಿದ್ದಳು. ಆಟಿಸಂ ಕುರಿತು ಸಂಶೋಧನೆ ನಡೆಯುವ ಆಸ್ಪತ್ರೆಗೆ ಅಲ್ಲಿಂದ ಒಂದೇ ಬಸ್ಸು. ಆದರೂ ಆ ಮಗು ಬೆಂಗಳೂರಿನ ಲೆಕ್ಕದಲ್ಲೂ ಇಲ್ಲ, ಯಾದಗಿರಿಯ ಲೆಕ್ಕದಲ್ಲೂ ಇಲ್ಲ. ಆರು ತಿಂಗಳ ನಂತರ ಮರುಪರೀಕ್ಷೆಗೆ ಇದೇ ವಿಳಾಸದಲ್ಲಿ ಸಿಗುತ್ತಾರೆಯೇ ಎಂಬ ಪ್ರಶ್ನೆ ಬಂದೊಡನೆ ವಲಸೆಯವರ ಹೆಸರು ಬಿಟ್ಟುಹೋಗುತ್ತದೆ.

ಇದು ಬರೀ ನ್ಯಾಯದ ಪ್ರಶ್ನೆ ಎಂದು ತಿಳಿದು ನೀವು ಪತ್ರವನ್ನು ಸಮಾಜ ಕಲ್ಯಾಣದ ಕಡತಕ್ಕೆ ಸೇರಿಸಬಾರದು. ವಿಜ್ಞಾನವೇ ಇದರಿಂದ ದಾರಿ ತಪ್ಪಿದೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆಟಿಸಂ ಬಗ್ಗೆ ಮೊದಲ ಪ್ರಸಿದ್ಧ ಲೇಖನ ಬರೆದಾಗ ಅವರ ಮುಂದಿದ್ದದ್ದು 11 ಮಕ್ಕಳು. ಹೆತ್ತವರಲ್ಲಿ ಬಹುತೇಕರು ಓದಿದವರು, ಉಳ್ಳವರು. ಅಂತಹ ತಜ್ಞರ ಬಾಗಿಲಿಗೆ ಆ ಕಾಲದಲ್ಲಿ ಬೇರೆ ಯಾರು ಹೋಗಲು ಸಾಧ್ಯವಿತ್ತು? ಆದರೆ ಆಟಿಸಂ ಬುದ್ಧಿವಂತ ಮನೆಗಳ ಕಾಯಿಲೆ, ಪ್ರೀತಿ ತೋರದ ತಣ್ಣನೆಯ ತಾಯಂದಿರಿಂದ ಬರುವಂಥದ್ದು ಎಂಬ ಮಾತು ಅಲ್ಲಿಂದ ಬೆಳೆದು ದಶಕಗಳ ಕಾಲ ಎಷ್ಟೋ ತಾಯಂದಿರನ್ನು ಅಪರಾಧಿಗಳನ್ನಾಗಿ ಮಾಡಿತು. ಅಮೆರಿಕದ್ದೇ ಆದ ಫಿಲಡೆಲ್ಫಿಯಾದಲ್ಲಿ ಬಡವರ ಸರ್ಕಾರಿ ವಿಮೆಗೆ ಅರ್ಹರಾದ ಮಕ್ಕಳ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಳಿಯ ಮಕ್ಕಳಿಗೆ ಸರಾಸರಿ 6.3ನೇ ವಯಸ್ಸಿಗೆ, ಕಪ್ಪು ಮಕ್ಕಳಿಗೆ 7.9ನೇ ವಯಸ್ಸಿಗೆ ಆಟಿಸಂ ಎಂದು ತಿಳಿದದ್ದು ಕಂಡುಬಂತು. ಆ ದೇಶದ ರೋಗ ನಿಯಂತ್ರಣ ಕೇಂದ್ರದ ಎಣಿಕೆಯಲ್ಲಿ ವರ್ಷಗಟ್ಟಲೆ ಬಿಳಿಯರ ಮಕ್ಕಳಲ್ಲೇ ಆಟಿಸಂ ಹೆಚ್ಚೆಂದು ಬರುತ್ತಿತ್ತು. 2023ರ ವರದಿಯಲ್ಲಿ ಮೊದಲ ಬಾರಿಗೆ ಕಪ್ಪು, ಹಿಸ್ಪಾನಿಕ್ ಮತ್ತು ಏಷ್ಯಾ ಮೂಲದ ಮಕ್ಕಳ ಪ್ರಮಾಣ ಬಿಳಿಯರಿಗಿಂತ ಮೇಲಾಯಿತು. ಇಷ್ಟರಲ್ಲಿ ಮಕ್ಕಳೇನೂ ಬದಲಾಗಿರಲಿಲ್ಲ, ಅವರನ್ನು ಹೋಗಿ ನೋಡುವವರು ಹೆಚ್ಚಾಗಿದ್ದರು. ಚಿಕಿತ್ಸಾ ವಿಧಾನಗಳ ಸಂಶೋಧನೆಯಂತೂ ಹಿಂದೆಯೇ ಉಳಿದಿದೆ: 1990ರಿಂದ 2017ರವರೆಗಿನ 1,013 ಲೇಖನಗಳನ್ನು ಪರಿಶೀಲಿಸಿದವರಿಗೆ ಮಕ್ಕಳ ಜನಾಂಗದ ವಿವರ ಸಿಕ್ಕಿದ್ದು ನಾಲ್ಕರಲ್ಲಿ ಒಂದರಲ್ಲಿ ಮಾತ್ರ. ವಿವರ ಇದ್ದ ಕಡೆ ಭಾಗವಹಿಸಿದವರಲ್ಲಿ ಸುಮಾರು ಶೇ 65 ಬಿಳಿಯರು. ಈ ಅಂಕಿಗಳನ್ನು ನಾನು ಹೊಸೆದದ್ದಲ್ಲ, ನಿಮ್ಮ ಕ್ಷೇತ್ರದವರೇ ಬರೆದಿಟ್ಟದ್ದು.

ನಮ್ಮಲ್ಲೂ ಮನೆಮನೆಗೆ ಹೋದವರಿದ್ದಾರೆ. 2018ರಲ್ಲಿ ಪ್ರಕಟವಾದ, ಇನ್‌ಕ್ಲೆನ್ ಎಂಬ ಸಂಶೋಧನಾ ಸಂಸ್ಥೆಯ ಅಧ್ಯಯನ ಪಲ್ವಲ್, ಕಾಂಗ್ರಾ, ಢೆಂಕಾನಾಲ್, ಹೈದರಾಬಾದ್ ಮತ್ತು ಉತ್ತರ ಗೋವಾದಲ್ಲಿ 2ರಿಂದ 9 ವರ್ಷದ 3,964 ಮಕ್ಕಳನ್ನು ಪರೀಕ್ಷಿಸಿತು. ಆಟಿಸಂ ಸೇರಿದಂತೆ ಮೆದುಳು-ನರಗಳ ಬೆಳವಣಿಗೆಯ ತೊಂದರೆಗಳ ಜೊತೆಗೆ ಅವರಿಗೆ ಕಂಡ ಸಂಗತಿಗಳು ಯಾವುವು ಗೊತ್ತೇ? ಆಸ್ಪತ್ರೆಯ ಹೊರಗೆ ಆದ ಹೆರಿಗೆ, ಹುಟ್ಟುವಾಗ ಉಸಿರು ಕಟ್ಟಿದ್ದು, ದಿನ ತುಂಬದ ಅಥವಾ ತೂಕ ಕಡಿಮೆಯ ಮಗು, ಮೆದುಳಿನ ಸೋಂಕು, ಕುಂಠಿತ ಬೆಳವಣಿಗೆ. ಯಾವ ಮನೆಗಳಲ್ಲಿ ಇವು ಹೆಚ್ಚು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಗರದ ಚಿಕಿತ್ಸಾಲಯಕ್ಕೆ ತಾವಾಗಿಯೇ ಬಂದವರನ್ನು ಮಾತ್ರ ನೋಡಿದ್ದರೆ ಇವು ಇಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವೇ? ಆ ಐದು ಜಾಗಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ಸೋದರಸಂಬಂಧದಲ್ಲಿ ಮದುವೆ ಮಾಡುವುದು ಇಷ್ಟು ಹೆಚ್ಚಿರುವ ನಮ್ಮ ರಾಜ್ಯದಲ್ಲಿ, ಆಟಿಸಂನ ಆನುವಂಶಿಕತೆಯನ್ನು ಬಹುಪಾಲು ಯುರೋಪಿನ ಮೂಲದವರ ರಕ್ತದ ಮಾದರಿಗಳಿಂದ ಬಂದ ಅರಿವಿನ ಮೇಲೆ ಅಳೆಯುತ್ತಿದ್ದೇವೆ.

ನಮ್ಮಂಥ ಕಡೆ ಸಂಶೋಧನೆ ಅಸಾಧ್ಯ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಪಾಸ್ ಎಂಬ ಪ್ರಯೋಗದಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಹೆತ್ತವರು ಮಗುವಿನೊಂದಿಗೆ ಒಡನಾಡುವ ರೀತಿ ಸುಧಾರಿಸಿದ್ದನ್ನೂ ಮಗು ತಾನಾಗಿ ಸಂವಹನಕ್ಕೆ ಮುಂದಾದದ್ದನ್ನೂ ತೋರಿಸಿಕೊಟ್ಟರು. ಅಂಥ ಕಾರ್ಯಕರ್ತರು ಕರ್ನಾಟಕದಲ್ಲಿ ಆಗಲೇ ಇದ್ದಾರೆ. ವಿ.ಆರ್.ಡಬ್ಲ್ಯು., ಅಂಗನವಾಡಿ ಕಾರ್ಯಕರ್ತೆ, ಆಶಾ, ಗೃಹಾಧಾರಿತ ಶಿಕ್ಷಣಕ್ಕೆ ಮನೆಗೆ ಹೋಗುವ ವಿಶೇಷ ಶಿಕ್ಷಕರು: ಯಾವ ಮನೆಯಲ್ಲಿ ಯಾವ ಮಗು ಮಾತಾಡುವುದಿಲ್ಲ ಎಂದು ಇವರಿಗೆ ಗೊತ್ತು. (ಇವರ ಗೌರವಧನ ಹೆಚ್ಚಿಸಬೇಕೆಂಬುದು ಬೇರೆ ಪತ್ರದ ವಿಷಯ, ಅದನ್ನು ಬೇರೆಯವರಿಗೆ ಬರೆಯುತ್ತಲೇ ಇದ್ದೇವೆ.)

ಹಾಗಾದರೆ ಏನಾಗಬೇಕು? ಮೊದಲನೆಯದಾಗಿ, ಕೂಲಿ ಮತ್ತು ಪ್ರಯಾಣದ ಹಣವನ್ನು ಪ್ರತಿ ಆಟಿಸಂ ಅಧ್ಯಯನದ ಬಜೆಟ್ಟಿನಲ್ಲೂ ಕಡ್ಡಾಯವಾಗಿ ಇಡಿಸಿ. ಮುಂಗಡವಾಗಿ, ರಸೀದಿ ಕೇಳದೆ, ಆ ಜಿಲ್ಲೆಯ ಕನಿಷ್ಠ ಕೂಲಿಗೆ ಕಡಿಮೆಯಾಗದಂತೆ ಕೊಡಿಸಿ. ಈ ತಲೆಬರಹ ಇಲ್ಲದ ಅರ್ಜಿಯನ್ನು ನೈತಿಕ ಸಮಿತಿ ವಾಪಸ್ ಕಳಿಸಲಿ. ಇದೊಂದು ಆದರೆ ಉಳಿದದ್ದರಲ್ಲಿ ಅರ್ಧ ತಾನಾಗಿ ಆಗುತ್ತದೆ ಎಂಬುದು ನನ್ನ ನಂಬಿಕೆ. ಮೊದಲೇ ಚೀಟಿ ಇರಬೇಕೆಂಬ ಷರತ್ತನ್ನು ಬಿಟ್ಟು, ಅಧ್ಯಯನದವರೇ ತಾಲ್ಲೂಕಿಗೆ ಬಂದು ಮಕ್ಕಳನ್ನು ಪರೀಕ್ಷಿಸಲಿ. ಅಧ್ಯಯನಕ್ಕೆ ಆಯ್ಕೆಯಾಗದ ಮಗುವಿಗೂ ಆ ಪರೀಕ್ಷೆಯ ವರದಿ ಸಿಗಲಿ, ಪ್ರಮಾಣಪತ್ರ ತಿದ್ದಿಸಿಕೊಳ್ಳಲು ಅದು ಬೇಕು. ಮೂರ್ಛೆರೋಗ, ಬೌದ್ಧಿಕ ವೈಕಲ್ಯ ಇರುವವರನ್ನು ಕೈಬಿಡುವವರು ಏಕೆ ಬಿಡುತ್ತಿದ್ದೇವೆಂದು ಬರೆದು ಒಪ್ಪಿಸಬೇಕು. ಲಂಬಾಣಿ, ದಖ್ಖನಿ, ತುಳು ಮಾತಾಡುವ ಮನೆಗಳಲ್ಲಿ ಪರೀಕ್ಷೆಗಳು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡಲು ಹಣ ಕೊಡಿ. ಓದು ಬಾರದ ತಾಯಿಗೆ ಒಪ್ಪಿಗೆ ಪತ್ರವನ್ನು ಅವಳ ಮಾತಿನಲ್ಲಿ ಓದಿ ಹೇಳಿ, ಅವಳ ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ.

ಪ್ರಕಟವಾಗುವ ಪ್ರತಿ ಅಧ್ಯಯನದಲ್ಲಿ ಭಾಗವಹಿಸಿದವರ ಜಿಲ್ಲೆ, ಮಾತೃಭಾಷೆ, ವರಮಾನ, ತಾಯಿಯ ಓದು, ಸಾಮಾಜಿಕ ವರ್ಗ, ಧರ್ಮ ಇವುಗಳ ಒಟ್ಟು ಲೆಕ್ಕ ಇರಲಿ, ಹೆಸರುಗಳು ಬೇಡ. ಜಾತಿ ಕೇಳುವುದು ಮುಜುಗರ ಎಂದು ಕೆಲವರು ಹೇಳುತ್ತಾರೆ. ಜಾತಿಯ ಕಾಲಂ ಇಲ್ಲದ ಅರ್ಜಿಯನ್ನು ನಮ್ಮ ಜನ ಕಂಡದ್ದು ಕಡಿಮೆ, ಅವರಿಗೇನೂ ಮುಜುಗರವಿಲ್ಲ. ಕೇಳದೆ ಇದ್ದರೆ ಯಾರು ಹೊರಗುಳಿದರು ಎಂಬುದು ಯಾರಿಗೂ ತಿಳಿಯುವುದಿಲ್ಲ, ಮುಜುಗರ ಆಗಬೇಕಾದದ್ದು ಅದಕ್ಕೆ.

ಕೊನೆಯದಾಗಿ ಕಾನೂನಿನ ಒಂದು ಮಾತು. 2016ರ ಕಾಯ್ದೆಯ ಸೆಕ್ಷನ್ 6ರ ಪ್ರಕಾರ ಅಂಗವಿಕಲರನ್ನು ಸಂಶೋಧನೆಗೆ ಒಳಪಡಿಸಲು ಅಂಗವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿ ಬೇಕು. ಆ ಸಮಿತಿಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಅಂಗವಿಕಲರು ಅಥವಾ ಕಾಯ್ದೆ ಹೇಳುವ ನೋಂದಾಯಿತ ಸಂಘಗಳ ಸದಸ್ಯರು ಇರಬೇಕು. ಕರ್ನಾಟಕದಲ್ಲಿ ಆಟಿಸಂ ಅಧ್ಯಯನಗಳಿಗೆ ಅನುಮತಿ ಕೊಡುವಾಗ ಆ ಕುರ್ಚಿಗಳಲ್ಲಿ ಕುಳಿತವರು ಯಾರು, ಅವರಲ್ಲಿ ಕೂಲಿಯವರ ಮನೆಯಿಂದ ಬಂದವರು ಒಬ್ಬರಾದರೂ ಇದ್ದಾರೆಯೇ ಎಂಬುದನ್ನು ದಯವಿಟ್ಟು ಸಾರ್ವಜನಿಕವಾಗಿ ತಿಳಿಸಿ.

ನಮ್ಮ ತಾಲ್ಲೂಕಿಗೆ ಬರಲು ಮನಸ್ಸು ಮಾಡಿದರೆ ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಬರಬೇಡಿ, ಹಗಲಲ್ಲಿ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಯುಗಾದಿ, ಮೊಹರಂ ಅಥವಾ ಊರ ಜಾತ್ರೆಯ ವಾರದಲ್ಲಿ ಬನ್ನಿ. ಗುಳೆ ಹೋದವರೂ ಆಗ ಮರಳಿರುತ್ತಾರೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳಿಗೆ ಮುಂಚಿತವಾಗಿ ಒಂದು ಅಧಿಕೃತ ಪತ್ರ ಕಳಿಸಿದರೆ, ವಿ.ಆರ್.ಡಬ್ಲ್ಯು.ಗಳನ್ನು ಸೇರಿಸಿ, ಹೆತ್ತವರ ಒಪ್ಪಿಗೆ ಪಡೆದು, ಮಕ್ಕಳಿರುವ ಮನೆಗಳಿಗೆ ನಾವೇ ನಿಮ್ಮನ್ನು ಕರೆದೊಯ್ಯುತ್ತೇವೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇತಿ ತಮ್ಮ ವಿಶ್ವಾಸಿ,
ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ
ಯಾದಗಿರಿ ಜಿಲ್ಲೆ